ಗೋಡೆ ಆಚೆ ಸಗಣಿ, ಗೋಡೆ ಈಚೆ ಬೆಂಕಿ

ನಮ್ಮನೇಲಿ ಯಾರಾದ್ರೂ ಒಂದು ಒಳ್ಳೆ ಕೆಲ್ಸ ಮಾಡಕ್ಕೆ ಹೊರಟ್ರೆ ಸಾಕು, ಊರೆಲ್ಲ ನಗೋಹಂಗೆ ಏನಾದ್ರೂ ಒಂದು ಆಗೇ ಆಗ್ತದೆ. ಇದು ಇವತ್ತು ನೆನ್ನೆದಲ್ಲ. ಆದ್ರೆ ನಾನು ಇವನ್ನೆಲ್ಲ ಇಲ್ಲೀತನಕ ಯಾರ ಹತ್ರಾನೂ ಹೇಳಿಲ್ಲ, ಯಾಕಂದ್ರೆ ನಾನು ಯಾರ ಹತ್ರಾನೂ ಏನೂ ಹೇಳಲ್ಲ. ಪಿಯುಸಿ ಓದಕ್ಕೆ ಬಸ್ಸಲ್ಲಿ ಕೆ.ಆರ್. ಪೇಟೆಗೆ ಹೋಗಿ ಬರ್ತೀನಿ. ನಮ್ಮೂರು ಬಂದಾಗ ಬೇರೆ ಯಾರಾದ್ರೂ ಇಳಿಯೋರಿದ್ರೆ ಇಳೀತೀನಿ. ಇಲ್ದಿದ್ರೆ 'ನಿಲ್ಸಿ' ಅನ್ನೋಕೆ ನಾಚ್ಕೆ ಆಗಿ, ಮುಂದಿನೂರಲ್ಲಿ ಇಳಿದು ವಾಪಸ್ ನಡ್ಕಂಡು ಬರ್ತೀನಿ.

ಎಲ್ಲಾದಕ್ಕೂ ಕಾರಣ ಲೈಬ್ರರಿಯಿಂದ ತಂದ ಒಂದು ಪುಸ್ತಕ. ಸೌದೆ, ಸೀಮೆಎಣ್ಣೆ, ಪೆಟ್ರೋಲು ಉರಿಸಿ ಉರಿಸಿ ಭೂಮಿ ಬಿಸಿ ಆಗ್ತಾ ಅದೆ, ಒಬ್ಬೊಬ್ರೂ ಅವರವರ ಮನೇಲೇ ಏನಾದ್ರೂ ಮಾಡ್ಬೇಕು ಅಂತ ಅದ್ರಲ್ಲಿತ್ತು. ಅದನ್ನ ಬಾಯಿಬಿಟ್ಟು ಹೇಳಕ್ಕಾಗದೆ, ಆ ಪುಟ ತೆಗೆದು ಅಪ್ಪನ ಊಟದ ತಟ್ಟೆ ಪಕ್ಕ ಇಟ್ಟೆ. ಅಪ್ಪ ಮುದ್ದೆ ನುಂಗ್ತಾ ನುಂಗ್ತಾ ಓದಿದ್ರು. ನಮ್ಮಪ್ಪ ಒಂದು ವಿಷಯ ಹಿಡಿದ್ರೆ ಬಿಡೋರಲ್ಲ, ಅದು ಮರ್ತೋಗಿತ್ತು ನಂಗೆ.

ಅಜ್ಜಿ ಮಾತ್ರ "ಭೂಮಿ ಬಿಸಿ ಆಗ್ದೆ ಇನ್ನೇನು? ಬ್ಯಾಸಿಗೆ ಕಣ್ಲಾ" ಅಂದು ಎಲೆಅಡಿಕೆ ಹಾಕ್ಕಂಡ್ಲು.

ಟವಲು

ಆ ಪುಸ್ತಕದಲ್ಲಿ ಪ್ಲಾಸ್ಟಿಕ್ ಕವರು ಬಳಸ್ಬೇಡಿ ಅಂತಿತ್ತು. ನಮ್ಮ ಕಡೆ ಕವರು ಅಂದ್ರೆ ಮರ್ಯಾದೆ. ಸಂತೆಗೆ ಬಟ್ಟೆಚೀಲ ತಗಂಡು ಹೋಗೋನು ಹಳ್ಳಿಮುಕ್ಕ, ಕವರು ಹಿಡ್ಕಂಡು ಬರೋನು ಪ್ಯಾಟೆ ಕಂಡೋನು. ಅಜ್ಜಿ ಅಂತೂ ಒಂದೊಂದು ಕವರನ್ನೂ ತೊಳೆದು, ಬಟ್ಟೆ ಒಣಗ್ಹಾಕೋ ತಂತಿ ಮೇಲೆ ಸೀರೆ ಪಕ್ಕ ನೇತಾಕ್ತಾ ಇದ್ಲು.

"ಇನ್ಮೇಲೆ ನಮ್ಮನೆಗೆ ಕವರು ಬರಂಗಿಲ್ಲ" ಅಂದ್ಬುಟ್ರು ಅಪ್ಪ.

ಆ ಭಾನ್ವಾರ ಅಕ್ಕಿಹೆಬ್ಬಾಳಿಗೆ ಹೊಳೆ ಮೀನು ತರಕ್ಕೆ ಹೋದ್ರು. ಚೀಲ ಮರ್ತಿದ್ರು. ಮೀನಿನೋನು "ಕವರಿಗೆ ಆಕ್ಕೊಡ್ಲಾ ಗೌಡ್ರೆ?" ಅಂದ. "ಬ್ಯಾಡ ಕಣಪ್ಪ, ಭೂಮಿ ಬಿಸಿ ಆಯ್ತದೆ" ಅಂದ್ರು ಅಪ್ಪ. ಹೆಗಲ ಮೇಲಿದ್ದ ಹೊಸ ಟವಲು ಹಾಸಿ, ಮೀನು ಗಂಟು ಕಟ್ಕಂಡು ಬಂದ್ರು. ಅವ್ವ ಆ ಟವಲನ್ನ ಸೋಪು ಹಾಕಿ, ಸೀಗೆಪುಡಿ ಹಾಕಿ, ನಿಂಬೆಹಣ್ಣು ಉಜ್ಜಿ ಒಗೆದ್ಲು. ಒಣಗಿದ ಮೇಲೆ ಏನೂ ವಾಸನೆ ಇರ್ಲಿಲ್ಲ.

ಅದೇ ವಾರ ಪಾಂಡವಪುರದ ಛತ್ರದಲ್ಲಿ ಒಂದು ಮದುವೆ. ಸೆಕೆ ಅಂದ್ರೆ ಸೆಕೆ. ಪಂಕ್ತೀಲಿ ಕೂತ ಅಪ್ಪ ಆ ಟವಲಲ್ಲೇ ಮುಖ, ಕತ್ತು ಎಲ್ಲ ಒರೆಸ್ಕಂಡ್ರು. ಬೆವರಿಗೆ ಟವಲು ನೆಂದಿದ್ದೇ ತಡ, ಮೀನು ಎದ್ದು ಬಂತು. ಪಕ್ಕದ ಎಲೇಲಿ ಕೂತಿದ್ದ ದಪ್ಪ ಮೀಸೆ ಯಜಮಾನ್ರು ಮೂಗು ಅರಳಿಸಿ ಆ ಕಡೆ ಈ ಕಡೆ ನೋಡಿದ್ರು. ಪಾಯಸ ತಂದ ಹುಡುಗನ ಕೈ ಹಿಡ್ಕಂಡ್ರು.

"ಲೇ, ಇಲ್ಬಾರ್ಲಾ. ಒಳಗ್ಡೆ ಯಾರ್ಗೋ ಮೀನು ಬಡಿಸ್ತಾವ್ರೆ, ನಮ್ಗೆ ಪಾಯ್ಸನಾ?"

"ಅಯ್ಯೋ, ದೇವ್ರ ಕಾರ್ಯ ಯಜಮಾನ್ರೆ. ಮೀನೆಲ್ಲಿ?"

"ನನ್ ಮೂಗಿಗೇ ಸುಳ್ಳೇಳ್ತೀಯಾ?" ಅಂತ ಅವ್ರು ಎಲೆ ಬಿಟ್ಟು ಎದ್ದೇಬಿಟ್ರು. ಅಡುಗೆಮನೆ, ಉಗ್ರಾಣ, ಕೊನೆಗೆ ವರನ ರೂಮಿಗೂ ಹೋಗಿ ನೋಡ್ಕಂಡು ಬಂದ್ರು. ಬಂದು ಕೂತು ಅಪ್ಪನ ಕಿವೀಲಿ, "ಇಲ್ಲೇ ಎಲ್ಲೋ ಮಡಗವ್ರೆ ಕಣ್ರೀ. ನಾನು ಬುಡಾಕಿಲ್ಲ" ಅಂದ್ರು.

ಅಪ್ಪ ಇನ್ನೊಂದು ಸಲ ಮುಖ ಒರೆಸ್ಕಂಡು, "ಇದ್ರೂ ಇರ್ಬೋದು" ಅಂದ್ರು.

ಕನ್ನಡಿ ಪೆಟ್ಟಿಗೆ

ಅವ್ವನ ಕಣ್ಣು ಯಾವಾಗ್ಲೂ ಕೆಂಪಗೆ ಇರ್ತಿತ್ತು. ಸೌದೆ ಒಲೆ ಹೊಗೆ. "ಇಂಗೇ ಹೊಗೇಲಿ ಕೂತಿದ್ರೆ ಕಣ್ಣು ಉಳಿಯಲ್ಲಮ್ಮ, ಮೊದ್ಲು ಒಲೆ ಬದ್ಲಾಯ್ಸಿ" ಅಂತ ಕೆ.ಆರ್. ಪೇಟೆ ಡಾಕ್ಟ್ರು ಖಡಾಖಂಡಿತ ಹೇಳಿದ್ರು. ಸಿಲಿಂಡರಿಗೆ ಹೆಸ್ರು ಬರೆಸಿ ಎಷ್ಟೋ ಕಾಲ ಆಗಿತ್ತು, ಅದು ಬರೋ ಲಕ್ಷಣ ಇರ್ಲಿಲ್ಲ. ನಾನು ಪುಸ್ತಕದ ಇನ್ನೊಂದು ಪುಟ ತೆಗೆದು ಅಪ್ಪನ ತಟ್ಟೆ ಪಕ್ಕ ಇಟ್ಟೆ.

ಅಪ್ಪ ಶ್ರೀರಂಗಪಟ್ಟಣಕ್ಕೆ ಹೋಗಿ ಸೋಲಾರ್ ಕುಕ್ಕರ್ ತಂದ್ರು. ಕಪ್ಪು ಪೆಟ್ಟಿಗೆ, ಮುಚ್ಚಳದ ತುಂಬ ಕನ್ನಡಿ. ಹಿತ್ಲಲ್ಲಿ ಬಿಸಿಲಿಗೆ ಇಟ್ರೆ ಅನ್ನ, ಬೇಳೆ ತಾನೇ ಬೇಯ್ತದೆ. ಮುದ್ದೆ ಮಾತ್ರ ಆಗಲ್ಲ. ಮುದ್ದೆ ಇಲ್ಲ ಅಂದ್ರೆ ನಮ್ಮ ಕಡೆ ಅದು ಊಟ ಅಲ್ಲ, ತಿಂಡಿ.

ಇಲ್ಲಿ ನಮ್ಮ ಹಿತ್ಲು ಹೆಂಗದೆ ಅಂತ ಹೇಳ್ಬೇಕು. ಮಧ್ಯ ಒಂದು ಎದೆಮಟ್ಟದ ಗೋಡೆ. ಈ ಕಡೆ ನಾವು, ಆ ಕಡೆ ಚಿಕ್ಕಜ್ಜಿ, ಅಂದ್ರೆ ನಮ್ಮಜ್ಜಿಯ ವಾರಗಿತ್ತಿ. ತಾತಂದಿರು ಪಾಲಾದಾಗ ರಾಗಿ ಬೀಸೋ ಕಲ್ಲು ಚಿಕ್ಕಜ್ಜಿ ಪಾಲಿಗೆ ಹೋಯ್ತಂತೆ. ಅವತ್ತಿಂದ ಇಬ್ರಿಗೂ ಮಾತಿಲ್ಲ, ಒಬ್ರ ಮನೇಲಿ ಒಬ್ರು ನೀರೂ ಮುಟ್ಟಲ್ಲ. ಈಗ ಎಲ್ರೂ ರಾಗಿನ ಮಿಲ್ಲಿಗೆ ಹಾಕಿಸ್ತಾರೆ. ಆ ಕಲ್ಲಿನ ಮೇಲೆ ಕೋಳಿ ಕೂರ್ತದೆ.

ಮಾತಿಲ್ಲ ಅಂದ್ರೆ ನೇರವಾಗಿ ಇಲ್ಲ. ಅಜ್ಜಿಗೆ ಏನಾದ್ರೂ ಹೇಳ್ಬೇಕು ಅನ್ಸಿದ್ರೆ ನಮ್ಮ ಹಸು ಗೌರಿಗೆ ಹೇಳ್ತಾಳೆ, ಗೋಡೆ ಆಚೆಗೆ ಕೇಳೋಹಂಗೆ. ಚಿಕ್ಕಜ್ಜಿ ಅವಳ ಎಮ್ಮೆಗೆ ಉತ್ತರ ಕೊಡ್ತಾಳೆ.

ಚಿಕ್ಕಜ್ಜಿಯ ಹುಂಜ ಗೋಡೆ ಹಾರಿ ಬಂದು ಕನ್ನಡಿ ನೋಡ್ತು. ಒಳಗೆ ಇನ್ನೊಂದು ಹುಂಜ. ಇದು ಕತ್ತು ಎತ್ತಿದ್ರೆ ಅದೂ ಎತ್ತುತ್ತೆ, ಇದು ಪುಕ್ಕ ಕೆದರಿದ್ರೆ ಅದೂ ಕೆದರುತ್ತೆ. ಎಷ್ಟು ಹೊತ್ತು ತಡ್ಕತದೆ ಪಾಪ! ಎಗರಿ ಒದೀತು ನೋಡಿ, ಪೆಟ್ಟಿಗೆ ಕಟ್ಟೆ ಮೇಲಿಂದ ಉರುಳಿ ಕನ್ನಡಿ ಚೂರುಚೂರು.

ಅಜ್ಜಿ ಗೌರಿ ಮುಂದೆ ನಿಂತ್ಕಂಡು, "ನೋಡ್ದೇನೇ ಗೌರಿ? ಕೆಲವ್ರ ಮನೆ ಕೋಳಿಗೂ ಮಾನ ಮರ್ವಾದೆ ಇಲ್ಲ" ಅಂದ್ಲು.

ಆಚೆಯಿಂದ ಚಿಕ್ಕಜ್ಜಿ ಎಮ್ಮೆಗೆ, "ಕೋಳಿ ಎದ್ರುಗೆ ಕನ್ನಡಿ ಮಡಗೋರ್ನ ನೀನು ಎಲ್ಲಾರ ಕಂಡಿದ್ದೀಯೇನೇ? ನಾಳಿಕೆ ನಿಂಗೂ ಒಂದು ಬಾಚಣಿಗೆ ಕೊಟ್ಟಾರು, ಉಷಾರು" ಅಂದ್ಲು.

ನೆಂಟ್ರು

ಆಮೇಲೆ ಬಂದಿದ್ದು ಗೋಬರ್ ಗ್ಯಾಸು. ಅಪ್ಪ ಹಿತ್ಲಲ್ಲಿ ಗುಂಡಿ ತೋಡ್ಸಿ, ಗಾರೆಯೋರನ್ನ ಕರೆಸಿ ಕಟ್ಟಿಸಿದ್ರು. ಸಗಣಿ ನೀರು ಕದಡಿ ಒಂದು ಕಡೆಯಿಂದ ಬಿಟ್ರೆ ಗ್ಯಾಸು ಪೈಪಲ್ಲಿ ಒಲೆಗೆ ಬರ್ತದೆ, ಉಳಿದ ಬಗ್ಗಡ ಇನ್ನೊಂದು ಕಡೆ ಹೊರಗೆ ಬಂದು ಗದ್ದೆಗೆ ಗೊಬ್ಬರ ಆಗ್ತದೆ. ನೀಲಿ ಬೆಂಕಿ ಹತ್ತಿದ ದಿನ ಅವ್ವ ಸುಮ್ನೆ ಅದನ್ನೇ ನೋಡ್ತಾ ಕೂತಿದ್ಲು. ಅಜ್ಜಿನೂ "ನಮ್ ಗೌರಿ ಸಗಣಿ ತಾನೆ, ಮಡಿನೇ" ಅಂತ ಒಪ್ಕಂಡ್ಲು.

ಆದ್ರೆ ಗೌರಿ ಒಬ್ಳು ಎಷ್ಟು ಅಂತ ಹಾಕ್ತಾಳೆ? ಸಾರು ಕುದಿಯೋ ಹೊತ್ತಿಗೆ ಬೆಂಕಿ ಬೀಡಿ ತುದಿಯಷ್ಟಾಗ್ತಿತ್ತು. ಅಪ್ಪನಿಗೆ ಸಗಣಿ ಹುಚ್ಚು ಹಿಡೀತು. ಸೈಕಲ್ಲಿಗೆ ಬಕೀಟು ನೇತಾಕ್ಕಂಡು ಓಡಾಡೋರು. ರಸ್ತೇಲಿ ದನದ ಹಿಂಡು ಹೋದ್ರೆ ಇವ್ರೂ ಹಿಂದೆ ಹೋಗೋರು.

ಅವಾಗ ಸಿಂಧಘಟ್ಟದಿಂದ ಅವ್ವನ ಚಿಕ್ಕಪ್ಪ, ಅಂದ್ರೆ ನಂಗೆ ತಾತ, ಎತ್ತಿನ ಗಾಡೀಲಿ ಬಂದ್ರು. ಒಂದು ಹೊತ್ತು ಉಂಡು ಹೋಗೋಣ ಅಂತ ಬಂದೋರು. ಅಪ್ಪ ಬಿಡ್ಲಿಲ್ಲ. "ಅಪ್ರೂಪಕ್ಕೆ ಬಂದಿದ್ದೀರಿ ಮಾವ, ನಾಳೆ ಕೋಳಿ ಕುಯ್ತೀವಿ" ಅಂದ್ರು. ಮಾರನೇ ದಿನ "ನಾಳೆ ಒಬ್ಬಟ್ಟು" ಅಂದ್ರು. ಎತ್ತುಗಳಿಗೆ ಹಸಿಹುಲ್ಲೇನು, ಹಿಂಡಿಯೇನು, ಬೂಸವೇನು! ತಾತನ ಕಣ್ಣು ತುಂಬಿ ಬಂತು. "ನಮ್ ಎತ್ತೂನೂ ಇಷ್ಟು ಚೆಂದಾಗಿ ನೋಡ್ಕಳೋ ಅಳಿಯ ಯಾವ್ ಊರಲ್ಲವ್ನೆ ಏಳವ್ವ" ಅಂದ್ರು ಅವ್ವನಿಗೆ. ಅವ್ವ ತಲೆ ತಗ್ಗಿಸ್ಕಂಡು ಒಬ್ಬಟ್ಟು ತಟ್ಟಿದ್ಲು.

ಕೊನೆಗೆ ತಾತ ಹಟ ಮಾಡಿದ್ರು. "ಗದ್ದೆ ಕೆಲ್ಸ ಅದೆ, ಓಯ್ತೀನಿ ಬುಡಪ್ಪ. ನಿನ್ ಪ್ರೀತಿ ಸಾಕು."

ಅಪ್ಪ ಗಾಡಿ ಮೂಕಿ ಹಿಡ್ಕಂಡು ಯೋಚ್ನೆ ಮಾಡಿದ್ರು. "ಆಯ್ತು ಮಾವ. ಕೆಲ್ಸ ಇದ್ರೆ ನೀವು ಬಸ್ಸಿಗೆ ಓಗಿ. ಎತ್ತು ಇರ್ಲಿ."

ಎಮ್ಮೆ ಬೆಂಕಿ

ತಾತ ಎತ್ತು ಹೊಡ್ಕಂಡು ಹೋದ ಮೇಲೆ ಒಲೆ ಮತ್ತೆ ಮಂಕಾಯ್ತು. ಆದ್ರೆ ಸ್ವಲ್ಪ ದಿನಕ್ಕೇ ತಿರ್ಗ ಚೆನ್ನಾಗಿ ಉರಿಯಕ್ಕೆ ಶುರು ಆಯ್ತು. ಹೆಂಗೆ ಅಂತ ಅಜ್ಜಿ ಬಿಟ್ಟು ಮನೇಲಿ ಎಲ್ರಿಗೂ ಗೊತ್ತಿತ್ತು. ಬೆಳಿಗ್ಗೆ ಅಜ್ಜಿ ಸ್ನಾನಕ್ಕೆ ಹೋದಾಗ ಗೋಡೆ ಮೇಲಿಂದ ಚಿಕ್ಕಜ್ಜಿಯ ಸೊಸೆ ಒಂದು ಮಂಕರಿ ಎಮ್ಮೆ ಸಗಣಿ ಕೊಡೋರು, ಅವ್ವ ಈಸ್ಕಳೋಳು. ಚಿಕ್ಕಜ್ಜಿಗೂ ಗೊತ್ತಿತ್ತು, ಕಂಡೂ ಕಾಣದಂಗೆ ಇದ್ಲು.

ಅಜ್ಜಿ ಸುಮ್ನೆ ಇರ್ಬಾರ್ದಾ? ಒಂದಿನ ಗೌರಿ ಬೆನ್ನು ಸವರ್ತಾ, "ನೀನೊಬ್ಳೇ ಹಾಕಿದ್ರೂ ಎಂಗೆ ಉರೀತದೆ ನೋಡವ್ವ ನಮ್ ಒಲೆ! ಕೆಲವ್ರ ಮನೇಲಿ ಕೊಟ್ಗೆ ತುಂಬೋವಷ್ಟು ದೊಡ್ಡ ಎಮ್ಮೆ ಇದ್ರೂ ಇನ್ನೂ ಹೊಗೆ" ಅಂದ್ಲು.

ಚಿಕ್ಕಜ್ಜಿ ಎಮ್ಮೆಗೆ, "ನಿಂದು ದಿನಾ ಎಲ್ಲಿಗೋಯ್ತದೆ ಗೊತ್ತೇನೇ? ಗೋಡೆ ಆರಿ ಓಗಿ ಸಾರು ಕಾಯಿಸ್ತದೆ. ನೀನೇ ಪುಣ್ಯವಂತೆ ಕಣೇ" ಅಂದ್ಲು.

ಅಜ್ಜಿ ಕೈಲಿದ್ದ ಹುಲ್ಲು ಕೆಳಗೆ ಬಿತ್ತು. "ಅಂಗಾದ್ರೆ ನಾನು ಇಷ್ಟು ದಿನ ಅವಳ ಮನೇದೇ ಉಂಡಂಗಾಯ್ತಲ್ಲೋ!" ಅಂತ ಅಪ್ಪನ ಮೇಲೆ ಬಿದ್ಲು. ಅಪ್ಪ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. "ನಂಗೆ ಸೌದೆ ಒಲೇಲಿ ಬೆಂದಿದ್ದೇ ಬೇಕು." ಅಷ್ಟೇ.

ಅವ್ವ ಪುನಃ ಹಳೇ ಒಲೆ ಮುಂದೆ ಕೂತ್ಲು. ಅಜ್ಜಿಗೆ ಒಂದು ಅಡುಗೆ, ನಮಗೆ ಒಂದು. ತಿಳಿಯಾಗ್ತಾ ಇದ್ದ ಕಣ್ಣು ಮತ್ತೆ ಕೆಂಪಾಯ್ತು. ಒಂದಿನ ಅವ್ವ ಉಪ್ಪಿನ ಡಬ್ಬಿ ಅಂತ ಸೋಡಾಪುಡಿ ಡಬ್ಬಿಗೆ ಕೈ ಹಾಕಿದ್ಲು. ಎರಡೂ ಬೇರೆ ಬೇರೆ ಬಣ್ಣದ ಡಬ್ಬಿ.

ನಂಗೆ ಅಜ್ಜಿಗೆ ಹೇಳ್ಬೇಕು ಅಂತ ಗಂಟಲವರ್ಗೂ ಬಂತು. ಈ ವಿಷಯಕ್ಕೆ ಇಡೋಕೆ ಪುಸ್ತಕದಲ್ಲಿ ಪುಟ ಇರ್ಲಿಲ್ಲ. ಅಜ್ಜಿ ಹಿತ್ಲಲ್ಲಿ ಅವರೆಕಾಯಿ ಸುಲೀತಾ ಕೂತಿದ್ಲು. ನಾನು ನೆಟ್ಟಗೆ ಹೋಗಿ ಗೌರಿ ಮುಂದೆ ನಿಂತೆ.

"ಗೌರಿ, ನಮ್ಮವ್ವಂಗೆ ಕಣ್ಣು ಕಾಣ್ತಾ ಇಲ್ಲ ಕಣೇ. ಉಪ್ಪು ಯಾವ್ದು ಸೋಡಾ ಯಾವ್ದು ಗೊತ್ತಾಗ್ತಿಲ್ಲ. ನಾಳೆ ನಿನ್ನ ಕೆಚ್ಚಲು ಯಾವ್ದು ಕಾಲು ಯಾವ್ದು ಅಂತನೂ ಗೊತ್ತಾಗಲ್ಲ."

ಗೌರಿ ಬಾಲ ಬೀಸಿದ್ಲು. ಅಜ್ಜಿ ಕಾಯಿ ಸುಲಿಯೋದು ನಿಲ್ಲಿಸಿದ್ಲು. ನಾನು ಓಡಿ ಒಳಗೆ ಹೋದೆ.

ಮಾರನೇ ಬೆಳಿಗ್ಗೆ ಅಜ್ಜಿ ಅಪ್ಪನ್ನ ಕರೆದ್ಲು. "ನೋಡ್ಲಾ, ಇನ್ಮೇಲೆ ಬಗ್ಗಡನೆಲ್ಲ ಗೋಡೆ ಆಚೆ ಅವಳ ತಿಪ್ಪೆಗೆ ಬುಡು. ಅವಳ ಸಗಣಿ ಅವಳ್ಗೇ ವಾಪಸ್ಸು. ನಡುವೆ ಬಂದ ಗಾಳಿ ಮಾತ್ರ ನಮ್ದು."

"ಗಾಳಿ ಅವ್ರದಾಗಲ್ವಾ?" ಅಂದ್ರು ಅಪ್ಪ, ಸುಮ್ನಿರ್ಲಾರದೆ.

"ಎಂಗಾಯ್ತದೆ? ಪಾಲಾದಾಗ ಕಲ್ಲು ಓಯ್ತು, ಕೊಳಗ ಓಯ್ತು. ಗಾಳಿನ ಯಾರೂ ಪಾಲು ಮಾಡ್ನಿಲ್ಲ!"

ಹಸು ಇಲ್ದಿದ್ದ ದಿನ

ಆಮೇಲೆ ಸೌದೆ ಒಲೆ ಮೇಲೆ ಬೆಕ್ಕು ಮಲಗೋಕೆ ಶುರು ಮಾಡ್ತು. ಅವ್ವನ ಕಣ್ಣು ತಿಳಿಯಾಗ್ತಾ ಬಂತು, ಸೂಜಿಗೆ ದಾರ ತಾನೇ ಪೋಣಿಸೋಳು.

ಮಳೆಗಾಲ. ಚಿಕ್ಕಜ್ಜಿ ಮನೆ ಸೌದೆ ಎಲ್ಲ ನೆಂದೋಗಿತ್ತು. ಒಂದು ಮಧ್ಯಾಹ್ನ ಚಿಕ್ಕಜ್ಜಿ ಹಾಲಿನ ಪಾತ್ರೆ ಹಿಡ್ಕಂಡು ನಮ್ಮ ಅಡುಗೆಮನೆ ಹಿಂದ್ಲ ಬಾಗಿಲಿಗೆ ಬಂದು ನಿಂತ್ಲು. ಅವ್ವ ಗದ್ದೆಗೆ ಹೋಗಿದ್ಲು. ಒಳಗಿದ್ದೋರು ಅಜ್ಜಿ ಮತ್ತೆ ನಾನು. ಇಬ್ರು ಅಜ್ಜಿಯರೂ ಅಭ್ಯಾಸಬಲದಿಂದ ಕೊಟ್ಗೆ ಕಡೆ ನೋಡಿದ್ರು. ಗೌರಿ ಮೇಯಕ್ಕೆ ಹೋಗಿದ್ಲು. ಎಮ್ಮೆ ಕೆರೇಲಿತ್ತು. ಮಾತಾಡಕ್ಕೆ ಯಾರೂ ಇಲ್ಲ. ಇಬ್ರ ಕಣ್ಣೂ ನನ್ನ ಮೇಲೆ ಬಿತ್ತು.

"ಅಮ್ಮಿ, ಸೌದೆ ಎಲ್ಲ ನೆಂದೋಗದೆ, ಮೊಮ್ಮಗಂಗೆ ಆಲು ಕಾಯಿಸ್ಬೇಕು ಅಂತ ಏಳು ನಿಮ್ಮಜ್ಜಿಗೆ" ಅಂದ್ಲು ಚಿಕ್ಕಜ್ಜಿ.

"ಒಲೆ ಮೇಲೆ ಮಡಗು ಅಂತ ಏಳು ಅವಳ್ಗೆ" ಅಂದ್ಲು ಅಜ್ಜಿ.

ನಾನು ಬಾಯಿ ತೆಗೆದೆ. ಮಾತು ಬರ್ಲಿಲ್ಲ.

"ಏಳೇ."

"ಅನ್ನೇ."

ನಾನು ಇವಳ ಮುಖ ಒಂದ್ಸಲ, ಅವಳ ಮುಖ ಒಂದ್ಸಲ ನೋಡಿದೆ.

"ಇದ್ಕಿಂತ ನಮ್ ಗೌರಿ ವಾಸಿ. ಅಂಬಾ ಅಂತಾರ ಅಂತದೆ" ಅಂದ್ಲು ಅಜ್ಜಿ.

"ಊಂ ಕಣಕ್ಕಯ್ಯ. ನಮ್ ಎಮ್ಮೆ ಕಿವಿಯಾರ ಅಲ್ಲಾಡಿಸ್ತದೆ" ಅಂದ್ಲು ಚಿಕ್ಕಜ್ಜಿ.

ಅಂದ್ಮೇಲೆ ಇಬ್ರಿಗೂ ಗೊತ್ತಾಯ್ತು. ಚಿಕ್ಕಜ್ಜಿ ಪಾತ್ರೆನ ಒಲೆ ಮೇಲಿಟ್ಟು ಸೆರಗು ಸರಿ ಮಾಡ್ಕಂಡ್ಲು. ಅಜ್ಜಿ ಗ್ಯಾಸು ಹಚ್ಚಿದ್ಲು.

"ಏನಂದೆ?"

"ಅಕ್ಕಯ್ಯ ಅಂದೆ."

"ಕಲ್ಲು ಎತ್ಕಂಡೋಗೋವಾಗ ಈ ಅಕ್ಕಯ್ಯ ಎಲ್ಲೋಗಿದ್ಲು?"

"ಬೇಕಾದ್ರೆ ತಗಂಡೋಗಿ, ಅದ್ರ ಮೇಲೆ ಕೋಳಿ ಬುಟ್ರೆ ಇನ್ನೇನಿಲ್ಲ ಅಂತ ಮಿಲ್ಲು ಬಂದ ದಿನಾನೇ ಏಳಿದ್ನಲ್ಲ!"

"ಯಾರ್ಗೇ ಏಳ್ದೆ?"

"ಎಮ್ಮೆಗೆ! ಜೋರಾಗೇ ಏಳಿದ್ದೆ. ನೀವು ಕೇಳಿಸ್ಕಬೇಕಿತ್ತು."

"ನಾನು ಅವತ್ತು ಊರಲ್ಲಿರ್ನಿಲ್ಲ ಕಣೇ, ನಾಗಮಂಗಲಕ್ಕೆ ಓಗಿದ್ದೆ!"

ಇಬ್ರೂ ಒಲೆಗೆ ಬೆನ್ನು ಹಾಕಿ, ಇಷ್ಟು ವರ್ಷದ್ದನ್ನೆಲ್ಲ ಒಟ್ಟಿಗೆ ತೆಗೆದ್ರು. ಒಬ್ರ ಮಾತು ಮುಗಿಯೋಕೆ ಮುಂಚೆ ಇನ್ನೊಬ್ರು. ನಾನು ಒಲೆ ಕಡೆ ಮುಖ ಮಾಡಿ ನಿಂತಿದ್ದೆ. ಹಾಲು ಮೇಲೆ ಬರ್ತಾ ಇತ್ತು. ಕೆನೆ ಉಬ್ಬಿತು, ಕಂಠಕ್ಕೆ ಬಂತು. ಮಧ್ಯ ಬಾಯಿ ಹಾಕೋದು ಹೆಂಗೆ ಅಂತ ಯೋಚ್ನೆ ಮಾಡ್ತಾ ಇದ್ದೆ, ಅಷ್ಟರಲ್ಲಿ ಬುಸ್ ಅಂತ ಉಕ್ಕಿ ಒಲೆ ತುಂಬ ಚೆಲ್ಲಿ ಬೆಂಕಿ ಆರೋಯ್ತು.

ಇಬ್ರೂ ಒಟ್ಟಿಗೆ ತಿರುಗಿದ್ರು. ಅಜ್ಜಿ ಗ್ಯಾಸು ಆಫ್ ಮಾಡಿದ್ಲು. ಆಮೇಲೆ ಇಬ್ರೂ ಒಂದೇ ದನೀಲಿ ನನ್ನ ಮೇಲೆ ಬಿದ್ರು.

"ಅಲ್ವೇ, ಕಣ್ಬುಟ್ಕಂಡು ನೋಡ್ತಾ ನಿಂತಿದ್ದೀಯಲ್ಲ! ಬಾಯ್ಬುಟ್ಟು ಏನಾರ ಒಂದು ಅನ್ಬಾರ್ದಾ?"

"ಅಂಬಾ" ಅಂದೆ.