ನೀಲವ್ವನ ಸೊಂಟದ ಕೊಡ

ಕತೆ ಬರೆಯುವವನ ಮನೆಯಲ್ಲಿ ನಗೆಪಾಟಲಿಗೆ ಎಂದೂ ಕೊರತೆಯಿಲ್ಲ. ಅದರಲ್ಲೂ ನನ್ನಂಥ ನಿಧಾನಸ್ಥನ ಮನೆಯಲ್ಲಿ! ಎಪ್ಪತ್ತರ ದಶಕದಲ್ಲಿ ಕುಷ್ಟಗಿಯಲ್ಲಿ ಸಾಲಿ ಮಾಸ್ತರನಾಗಿದ್ದಾಗ ಮೊದಲ ಕಾದಂಬರಿಗೆ ಕೈ ಹಾಕಿದೆ. ಸಂಜೆ ಚಹಾ ಕುಡಿದು ಕಟ್ಟೆಯ ಮೇಲೆ ಕೂತರೆ ಅರ್ಧ ಪುಟ. ಅದಕ್ಕಿಂತ ಹೆಚ್ಚಾದರೆ ಎಲ್ಲೋ ತಪ್ಪಿದೆ ಎಂದು ನನಗೇ ಅನುಮಾನ.

ಬಾವಿಕಟ್ಟೆ

ನಾಯಕಿ ನೀಲವ್ವ ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಬಾವಿಕಟ್ಟೆಯ ಮೇಲೆ ನಿಂತಿದ್ದಾಳೆ. ಈಗ ನಾಯಕ ಬರಬೇಕು. ಪೈಲ್ವಾನನೊಬ್ಬನನ್ನು ಬರೆದೆ, ಹೊಡೆದುಹಾಕಿದೆ. ಗುಮಾಸ್ತನನ್ನು ತಂದೆ, ಅವನೂ ಹೋದ. ನನ್ನ ನೀಲವ್ವನಿಗೆ ಯಾರೂ ಸರಿಹೊಂದಲಿಲ್ಲ. ಎರಡು ವರ್ಷ ಕಳೆದವು. ಬರೆದದ್ದನ್ನೆಲ್ಲ ಕೇಳುತ್ತಿದ್ದ ಹೆಂಡತಿ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಗಂಡು ಸಿಕ್ಕಾಗ ಸಿಗಲಿ. ಮೊದಲ ಆಕಿ ಕೊಡಾ ಇಳಸ್ರಿ. ನಡಾ ಏನಾಗಿರಬೇಕು!”

“ಹಂಗ ನಿಂತ್ರನ ಛಲೋ ಕಾಣ್ತಾಳ” ಎಂದೆ.

ಅವಳು ಮೂಲೆಯಲ್ಲಿದ್ದ ತುಂಬಿದ ಕೊಡ ತೋರಿಸಿದಳು. “ಹೌದೇನ್ರಿ? ನೀವೂ ಒಂದು ತಾಸು ನಿಂದರ್ರಿ, ನೋಡೂಣಂತ.”

ಟ್ರಂಕು

ಯಲಬುರ್ಗಾಕ್ಕೆ ವರ್ಗವಾಯಿತು. ಬಸ್ಸಿನಿಂದ ಇಳಿಸಿದ ಸಾಮಾನನ್ನು ಚಕ್ಕಡಿಗೆ ಹೇರಿ ಹೊಸ ಮನೆಗೆ ಹೊರಟೆವು. ಕಾದಂಬರಿ ಇದ್ದ ಟ್ರಂಕು ಜಾರತೊಡಗಿತು.

“ಯಣ್ಣಾ, ಸಾವಕಾಶ! ಅದರಾಗ ನಮ್ಮ ನೀಲವ್ವ ಅದಾಳ!” ಎಂದು ಹೆಂಡತಿ ಕೂಗಿದಳು.

ಚಕ್ಕಡಿಯವ ಹಗ್ಗ ಬಿಟ್ಟು ಕೆಳಗೆ ಜಿಗಿದ. ಅವನ ಗಾಬರಿ ಇಳಿಯಲೆಂದು ನಾನು ಟ್ರಂಕು ತೆರೆದು ತೋರಿಸಿದೆ. ಅವನ ಮುಖ ಇನ್ನಷ್ಟು ಬಿಳಿಚಿತು.

“ಬರೇ ಕಾಗದ ಅದಾವಲ್ರೀ ಮಾಸ್ತರ! ಆಕಿ ಎಲ್ಲಿ ಇಳಿದು ಹೋದ್ಲು?” ಎನ್ನುತ್ತ ಬಂದ ದಾರಿಯಲ್ಲೇ ಹುಡುಕುತ್ತ ಹೊರಟ.

ಹೆಣ್ಣು ನೋಡಲು ಬಂದವರು

“ನೀಲವ್ವನ ಲಗ್ನ ಯಾವಾಗ ಮಾಡ್ತೀರಿ?” ಎಂಬ ಹೆಂಡತಿಯ ತಗಾದೆ ದಿನಾ ಗೋಡೆ ದಾಟುತ್ತಿತ್ತು. ಪಕ್ಕದ ಮನೆಯ ಅಜ್ಜಿ ಆರು ತಿಂಗಳು ಕೇಳಿಸಿಕೊಂಡಳು. ಆಮೇಲೆ ಕನಿಕರಪಟ್ಟು ತಾವರಗೇರಾದ ತನ್ನ ಬೀಗರಿಗೆ ಹೇಳಿಕಳಿಸಿದಳು. ಒಂದು ಭಾನುವಾರ ಮೂವರು ಹಿರಿಯರು, ಗರಿಗರಿ ಅಂಗಿಯ ಒಬ್ಬ ವರ ಒಂದು ಗೊನೆ ಬಾಳೆಹಣ್ಣು ಹಿಡಿದು ನಮ್ಮ ಬಾಗಿಲಿಗೆ ಬಂದರು.

“ಹುಡುಗೀನ್ನ ಕರೀರಿ.”

ಬೆವರುತ್ತ ಕಾಗದದ ಕಟ್ಟು ತಂದಿಟ್ಟು ವಿಷಯ ಹೇಳಿದೆ. ದೊಡ್ಡ ಹಿರಿಯ ಕಟ್ಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. “ಇಷ್ಟು ದೂರ ಬಂದೀವಿ. ಓದ್ರಿ, ನೋಡಿಕೊಂಡ ಹೋಗ್ತೀವಿ.”

ದನ ಮನೆಗೆ ಬರುವ ಹೊತ್ತಿನವರೆಗೆ ಓದಿದೆ. ಬಾವಿಕಟ್ಟೆಗೆ ಬಂದಾಗ ಅದುವರೆಗೆ ತುಟಿ ಬಿಚ್ಚದ ವರ ಅರ್ಧ ಎದ್ದು ನಿಂತು, “ಕೊಡಾ ನಾ ಇಳಸ್ಲೇನ್ರಿ?” ಎಂದ.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಇಷ್ಟು ವರ್ಷ ಹುಡುಕಿದ ನಾಯಕ ನನ್ನ ಚಾಪೆಯ ಮೇಲೇ ಕೂತಿದ್ದ!

ಹಿರಿಯ ಎಲೆಅಡಿಕೆ ಮುಂದಿಟ್ಟ. “ಹುಡುಗಿ ಪಸಂದ ಅದಾಳ. ಇವಗ ಹೊರಗ ಎಲ್ಲೂ ಸಂಬಂಧ ಕೂಡವಲ್ದು. ನಿಮ್ಮ ಕಾಗದದಾಗರ ಒಂದು ಲಗ್ನ ಮಾಡಿಬಿಡ್ರಿ.”

ಜೀವನದಲ್ಲಿ ಮೊದಲ ಸಲ ಅವಸರ ಮಾಡಿದೆ. ಒಂದೇ ವಾರದಲ್ಲಿ ವಾಲಗ ಊದಿಸಿ, ಮದುವೆ ಮುಗಿಸಿ, ಕಾದಂಬರಿಯನ್ನೇ ಮುಗಿಸಿ ಹೆಂಡತಿಗೆ ಓದಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಭಾಳ ಛಲೋ ಆತು ನೋಡ್ರಿ. ಆದ್ರ ತಲಿ ಮ್ಯಾಲ ಅಕ್ಕಿಕಾಳು ಬೀಳೂಮುಂದೂ ಆಕಿ ನಡದ ಮ್ಯಾಲ ಕೊಡಾ ಐತಲ್ರಿ!”