ಕೆಂಪು ಬಸ್ಸಿಗೊಂದು ಥಿನ್ನರ್

ಗಂಗಾಧರಸ್ವಾಮಿಯ ಗ್ರಹಚಾರ ಕೆಟ್ಟಿದ್ದು ಹೆಬ್ಬೆರಳುದ್ದದ ಒಂದು ಬಾಟಲಿಯಿಂದ. ಬೆಂಗಳೂರಿನಿಂದ ತರಿಸಿದ್ದ, ಬಣ್ಣ ತೆಳುಮಾಡುವ ಫಾರಿನ್ ಥಿನ್ನರ್ ಅದು. ಬೆಳಿಗ್ಗೆ ಮುಚ್ಚಳ ತೆಗೆಯುವಾಗ ಕೈಜಾರಿ ಅಷ್ಟೂ ನೆಲದ ಪಾಲಾಯಿತು. ಇನ್ನೊಂದು ತರಿಸಲು ಹೈಸ್ಕೂಲು ಗುಮಾಸ್ತನ ಸಂಬಳಕ್ಕೆ ತಾಕತ್ತಿರಲಿಲ್ಲ.

ಮೇಜಿನ ಮೇಲೆ ಗೇಣುದ್ದದ ಬಸ್ಸು ಬಣ್ಣಕ್ಕೆ ಕಾದಿತ್ತು. ಬಿಳಿ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ, ಎರಡು ತಿಂಗಳು ಕೂತು ಅವನೇ ಮಾಡಿದ್ದು. ಅದು ಮಾವ ಕಲ್ಲಯ್ಯನವರಿಗೆ. ನಂಜನಗೂಡು–ಟಿ. ನರಸೀಪುರ ರೂಟಿನಲ್ಲಿ ಇಪ್ಪತ್ತಾರು ವರ್ಷ ಕೆಂಪು ಬಸ್ಸು ಓಡಿಸಿದ ಮುದುಕರು ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಯಲ್ಲಿದ್ದರು. ಒಂದು ಕಣ್ಣಿಗೆ ಕಟ್ಟು, ಇನ್ನೊಂದು ಪೂರಾ ಮಂಜು. ಸಾಯಂಕಾಲ ಐದಕ್ಕೆ ಕಟ್ಟು ಬಿಚ್ಚುವುದಿತ್ತು. ಬಿಚ್ಚಿದಾಗ ಅವರ ಬಸ್ಸು ಅವರ ಕಣ್ಮುಂದೆ ಇರಲೇಬೇಕೆಂದು ಅಳಿಯ ಹಟ ಹಿಡಿದಿದ್ದ. ತಂದೆಯ ಮುಖವನ್ನೇ ಕಾಣದೆ ಬೆಳೆದ ಅವನಿಗೆ ಆ ಮುದುಕರೆಂದರೆ ಪ್ರಾಣ.

ಬಣ್ಣ ಎನಾಮೆಲ್ಲು. ಅದನ್ನು ಗಾಳಿಯಿಂದ ಚಿಮ್ಮಿಸಿ ಹೊಡೆಯುವ ಏರ್‌ಬ್ರಷ್ಷು, ಬಾಗಿಲು ಮುಚ್ಚಿದ ಫೋಟೋ ಸ್ಟುಡಿಯೋದಿಂದ ಕೊಂಡದ್ದು. ಗಾಳಿಗೆ, ಉಬ್ಬಿಸಿಟ್ಟ ಲಾರಿಯ ಟ್ಯೂಬು. ಬಣ್ಣ ನೀರಾಗದೆ ಆ ಸೂಜಿಮೂತಿಯಿಂದ ಹೊರಗೆ ಬರುವುದಿಲ್ಲ.

"ಸೀಮೆಎಣ್ಣೆ ಉಯ್ಯಿ ಸ್ವಾಮಿ, ನಮ್ಮನೆ ಬಾಗ್ಲಿಗೆ ಅದೇ ಉಯ್ದಿದ್ದು" ಎಂದರು ಪಕ್ಕದ ಮನೆಯ ಗೋವಿಂದಯ್ಯ.

"ಒಣಗೋಕೆ ಎಷ್ಟೊತ್ತು ಬೇಕು?"

"ದೀಪಾವಳೀಲಿ ಬಳ್ದಿದ್ದು. ಈಗೀಗ ಪರ್ವಾಗಿಲ್ಲ, ಅಷ್ಟಾಗಿ ಅಂಟಲ್ಲ."

ಎದುರು ಗ್ಯಾರೇಜಿನ ಮಹದೇವ ಕಾರಿಗೆ ಬಳಸುವ ಥಿನ್ನರನ್ನು ಬಿಟ್ಟಿಯಾಗಿಯೇ ಕೊಟ್ಟ. "ಐದೇ ನಿಮಿಷ ಸಾ, ಒಣಗಿ ಖಣಖಣ ಅಂತದೆ."

ಪರೀಕ್ಷೆಗೆಂದು ಒಂದು ಪ್ಲಾಸ್ಟಿಕ್ ಚೂರಿನ ಮೇಲೆ ತೊಟ್ಟು ಬಿಟ್ಟದ್ದೇ ತಡ, ಅದು ಬಿಸಿಲಿಗಿಟ್ಟ ಬೆಲ್ಲದಂತೆ ಕರಗಿ ಮೇಜಿಗೇ ಅಂಟಿಕೊಂಡಿತು. ಆ ವಿಚಿತ್ರ ನೋಡಲು ಬಂದ ಗೋವಿಂದಯ್ಯ, ಸೊಂಟ ನೋವೆಂದು ಲಾರಿ ಟ್ಯೂಬಿನ ಮೇಲೆ ಕೂತರು. ಮೂತಿಯಿಂದ ಗಾಳಿ ಹೊರಟ ಸದ್ದಿಗೆ ಇಡೀ ಬೀದಿ ಅವರ ಕಡೆ ತಿರುಗಿತು. "ನಂದಲ್ಲ ಕಣ್ರಪ್ಪೋ!" ಎಂದು ಅವರು ಆಣೆ ಇಟ್ಟರೂ ನಂಬಿದವರಿಲ್ಲ.

ಗಂಗಾಧರಸ್ವಾಮಿ ಖಾಲಿ ಟ್ಯೂಬನ್ನು ಹೂವಿನ ಹಾರದಂತೆ ಕೊರಳಿಗೆ ಹಾಕಿಕೊಂಡು ಗಾಳಿ ತುಂಬಿಸಲು ಹೊರಟ. ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯವನು ಅವನ ಅವತಾರ ನೋಡಿ, ನಕ್ಕು, ಕಥೆ ಕೇಳಿ, "ಟರ್ಪಂಟೈನ್ ತಗೊಂಡೋಗಿ ಸಾ, ಬಣ್ಣ ನೀರಾಗ್ತದೆ, ಪ್ಲಾಸ್ಟಿಕ್ ಕರಗಲ್ಲ. ಹದಿನೆಂಟೇ ರೂಪಾಯಿ" ಎಂದ.

ಆಗಿಬಂತು! ಮೂರೂವರೆಗೆಲ್ಲ ಬಸ್ಸು ಕುಂಕುಮದಂತೆ ಕೆಂಪಗಾಯಿತು. ಹೆಂಡತಿ ಶಿವನಂಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಪ್ಪನ ಬಸ್ಸೇ ಕಣ್ರೀ" ಎಂದಳು. ಬಸ್ಸನ್ನು ಜಗಲಿಯಲ್ಲಿ ಟರ್ಪಂಟೈನ್ ಬಾಟಲಿಯ ಪಕ್ಕದಲ್ಲೇ ಒಣಗಲಿಟ್ಟು, ಬೆಳಗಿನಿಂದ ಉಪವಾಸವಿದ್ದ ಗಂಡ ಊಟ ಮಾಡಿ, ಗೋಡೆಗೊರಗಿದಲ್ಲೇ ನಿದ್ದೆಹೋದ.

ಐದಕ್ಕೆ ಐದು ನಿಮಿಷವಿದ್ದಾಗ ಎಚ್ಚರವಾಗಿ ಹೊರಗೆ ಬಂದರೆ, ಕಲ್ಲಯ್ಯನವರು ಬಸ್ಸನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯಿಂದ ತಿಕ್ಕುತ್ತಿದ್ದಾರೆ!

"ಕೈಗೆ ಸಿಕ್ತು ಅಳಿಯಂದ್ರೇ, ತಡವಿ ನೋಡ್ತೀನಿ, ನನ್ ಬಸ್ಸು! ಎಣ್ಣೆ ಬಟ್ಟೇಲಿ ಒರೆಸ್ದೆ ನಾನು ಒಂದಿನಾನೂ ಡಿಪೋದಿಂದ ಗಾಡಿ ತಗ್ದೋನಲ್ಲ. ಇಲ್ಲೇ ಬಾಟ್ಲಿ ವಾಸ್ನೆ ಬತ್ತಿತ್ತು, ಅದನ್ನೇ ಆಕಿ ಒರೆಸ್ಬುಟ್ಟೆ. ಒಳೀತದಾ?"

ಬಟ್ಟೆ ಕೆಂಪಗಿತ್ತು. ಬಸ್ಸು ಬೋಳುಬಿಳಿ.

ಗಂಗಾಧರಸ್ವಾಮಿಗೆ ಮಾವನ ಮುಖದಲ್ಲಿದ್ದ ಸಂತೋಷ ನೋಡಿ ಸಿಟ್ಟು ಬರಲಿಲ್ಲ. "ಹೊಳೀತದೆ ಮಾವ" ಎಂದು ಬಟ್ಟೆ ಇಸಿದುಕೊಂಡು, ಕೆಂಪಾದ ತನ್ನ ಕೈಗಳ ಸಮೇತ ಬೆನ್ನ ಹಿಂದೆ ಅಡಗಿಸಿದ.

ಶಿವನಂಜಮ್ಮ ಕಟ್ಟು ಬಿಚ್ಚಿದಳು. ಮುದುಕರು ರೆಪ್ಪೆ ಬಡಿದು, ಮಗಳನ್ನು ಕಂಡು ನಕ್ಕರು. ಬಸ್ಸಿನ ಮೇಲೆ ಕಣ್ಣು ಬಿದ್ದದ್ದೇ ನಗು ಇಂಗಿತು.

"ನಂಜವ್ವಾ... ಕಣ್ ಸರೋಗಿಲ್ಲ ಕಣವ್ವಾ. ಕೆಂಪ್ ಬಸ್ಸು ಬೆಳ್ಳಗೆ ಕಾಣ್ತದೆ."

ನಿಜ ಹೇಳಿದರೆ ತನ್ನ ಕೈಯಾರೆ ಕೆಡಿಸಿದೆನೆಂದು ಮುದುಕರು ಕೊರಗುತ್ತಾರೆ. ಹೇಳದಿದ್ದರೆ ಕಣ್ಣೇ ಹೋಯಿತೆಂದು ಅಳುತ್ತಾರೆ.

"ಕಣ್ಣು ಸರಿಯಾಗೇ ಇದೆ ಮಾವ" ಎಂದುಬಿಟ್ಟ ಅಳಿಯ. "ನಾನೇ ಇನ್ನೂ ಬಣ್ಣ ಹೊಡೆದಿಲ್ಲ."

ಕಲ್ಲಯ್ಯನವರಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಮತ್ತೆ ಬೆಳಗ್ಗಿಂದ ಬೀದಿ ಬೀದಿ ಅಲೆದ್ರಲ್ಲ, ಅದ್ಯಾತಕ್ಕೆ? ಈ ಮನೇಲಿ ಇವತ್ತು ಆ ಬಸ್ಸಿಗೆ ಅಂತ ಕೆಲ್ಸ ಮಾಡ್ದೋನು, ಕಣ್ ಕಾಣ್ದಿರೋ ನಾನೊಬ್ನೇ!"