ಐದು ಕಿಲೋ ಪರದೇಶಿ ನಾರು

ಶೇವಂತೆವ್ವನ ಎಮ್ಮೆ ಆ ಮುಂಜಾನೆ ತಿಂದು ಮುಗಿಸಿದ್ದು ಫಿಲಿಪೈನ್ಸ್ ದೇಶದ ಸರಕು. ಅದು ಎಮ್ಮೆಗೂ ಗೊತ್ತಿರಲಿಲ್ಲ, ಶೇವಂತೆವ್ವನಿಗೂ ಗೊತ್ತಿರಲಿಲ್ಲ.

ಹುಬ್ಬಳ್ಳಿ ಬೈರಿದೇವರಕೊಪ್ಪದ ದಸ್ತಗೀರಸಾಬರು ಕೈಯಿಂದ ಕಾಗದ ಮಾಡುವವರು. ಟೇಲರ್ ಅಂಗಡಿಗಳ ಚಿಂದಿ ತಂದು, ನೆನೆಸಿ, ಅರೆದು, ಹಾಳೆ ಎತ್ತಿ ಬಿಸಿಲಿಗೆ ಹಾಕುವುದು ಅವರ ಮೂವತ್ತು ವರ್ಷದ ಕಸುಬು. ಈಚೆಗೆ ಕೊಳ್ಳುವವರು ಕಡಿಮೆಯಾಗಿ, ಅರೆಯುವ ಯಂತ್ರ ವಾರಕ್ಕೆ ಎರಡು ದಿನ ತಿರುಗಿದರೆ ಹೆಚ್ಚು. ಇನ್ನು ಬಾಗಿಲು ಹಾಕುವುದೇ ಸರಿ ಅಂದುಕೊಳ್ಳುವ ಹೊತ್ತಿಗೆ, ಧಾರವಾಡದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ಸ್ನೇಹಲ್ ಮೇಡಂ ಹುಡುಕಿಕೊಂಡು ಬಂದಿದ್ದರು. ಅವರ ಕಾಲೇಜಿನಲ್ಲಿ ಒಂದು ವಿಚಾರ ಸಂಕಿರಣ. ಕಟ್ಟಿಗೆ ಬಿಟ್ಟು ಬೇರೆ ನಾರಿನಿಂದ, ಅಂದರೆ ಬಾಳೆ ಜಾತಿಯ ಗಿಡ, ಬಿದಿರು, ಹತ್ತಿ ಇಂಥವುಗಳಿಂದ ಮಾಡಿದ ಕಾಗದದ ತಿರುಳನ್ನು ದೇಶ ಹೊರಗಿನಿಂದ ಎಷ್ಟು ತರಿಸುತ್ತದೆ, ಯಾಕೆ ತರಿಸುತ್ತದೆ ಎಂಬುದು ವಿಷಯ. ಬಂದವರಿಗೆ ಹಂಚುವ ಇನ್ನೂರು ಫೈಲುಗಳೂ ಅಂಥ ಆಮದು ತಿರುಳಿನಿಂದಲೇ ಆಗಬೇಕು. ಮಾದರಿ ಹಾಳೆ ಮನಸ್ಸಿಗೆ ಬಂದರೆ ಆರ್ಡರ್.

ಸಾಬರು ಮುಂಬೈ ವ್ಯಾಪಾರಿಯ ಬೆನ್ನು ಹತ್ತಿ ಐದು ಕಿಲೋ ಫಿಲಿಪೈನ್ಸ್ ತಿರುಳು ತರಿಸಿದರು. ಅದನ್ನು ನೀಲಿ ಡ್ರಮ್ಮಿನಲ್ಲಿ ನೆನೆಹಾಕಿ, ಮರುದಿನ ಬೆಳಿಗ್ಗೆ ಅರೆದು, ಸಂಜೆ ನಾಲ್ಕಕ್ಕೆ ಮೇಡಂ ಬರುವಷ್ಟರಲ್ಲಿ ಹಾಳೆ ಒಣಗಿಸಿಡಬೇಕೆಂದಿದ್ದರು. ಡ್ರಮ್ಮು ಇಟ್ಟದ್ದು ಪಕ್ಕದ ಮನೆಯ ಶೇವಂತೆವ್ವನ ಗೋಡೆಗೆ ಹತ್ತಿ. ಆಕೆ ಎಮ್ಮೆಗೆ ಬೂಸಾ ಕಲಸಿಡುವ ಡ್ರಮ್ಮೂ ನೀಲಿ. ಅದರ ಜಾಗವೂ ಅಲ್ಲೇ.

"ಅಕ್ಕಾ, ನನ್ನ ಡ್ರಮ್ಮಿನ್ಯಾಗಿಂದು ಎಲ್ಲಿ ಹೋತು?"

"ಅದು ನಿಮ್ದೇನ್ರಿ ಸಾಬರ? ಮಗಳು ಬೂಸಾ ಕಲಸಿಟ್ಟಾಳ ಅಂತ ತಿಳಕೊಂಡ್ನಿ. ಒಂದೀಟ ಬೆಲ್ಲ ಹಾಕಿ ಮುಂದ ಇಟ್ನಿ. ತಳ ಸೈತ ನೆಕ್ಕೇತಿ."

ಸಾಬರು ಎಮ್ಮೆಯ ಮುಖ ನೋಡಿದರು. ಅದು ಬೀಗರ ಮನೆಯ ಊಟ ಮುಗಿಸಿದ ಹಿರಿಯರಂತೆ ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ತಿಂದದ್ದೇನೆಂದು ಕೇಳಿದ ಮೇಲೆ ಶೇವಂತೆವ್ವ ಗಾಬರಿಯಾದಳು. "ಎಮ್ಮಿಗೆ ಏನರ ಆದ್ರ ಯಾರು ಜವಾಬ್ದಾರಿ?" ಎಂದು ಸಾಬರನ್ನೇ ಗದರಿಸಿದಳು. ಕಡೆಗೆ ದನದ ಡಾಕ್ಟರಿಗೆ ಫೋನು ಮಾಡಿ, ಅವರಿಂದ "ನಾರು ಹೌದಲ್ರಿ, ಏನಾಗಂಗಿಲ್ಲ" ಅನ್ನಿಸಿ ಆಕೆಯನ್ನು ಸಮಾಧಾನ ಮಾಡುವ ಕೆಲಸವೂ ಸಾಬರ ಪಾಲಿಗೇ ಬಂತು.

ಇಷ್ಟರಲ್ಲಿ ಎದುರುಮನೆಯ ಮಹಾಂತಯ್ಯ ಬಂದರು. ನಿವೃತ್ತ ಪೋಸ್ಟ್ ಮಾಸ್ತರರು. ಓಣಿಯ ಯಾವ ತಾಪತ್ರಯವೂ ಅವರ ಸಲಹೆ ಇಲ್ಲದೆ ದೊಡ್ಡದಾದದ್ದಿಲ್ಲ.

"ಹ್ವಾದ ವಾರ ಬನಿಯನ್ ಚಿಂದೀಲೆ ಮಾಡಿದ ಬಿಳಿ ಹಾಳಿ ಅದಾವಲ್ಲ, ಅವನ್ನ ತೋರಸ್ರಿ," ಎಂದರು. "ಕಾಗದದ ಮ್ಯಾಲ ದೇಶದ ಹೆಸರು ಬರದಿರ್ತೈತೇನು?"

"ಸುಳ್ಳು ಯಾಕ ಬೇಕ್ರಿ? ಎಮ್ಮಿ ತಿಂತು ಅಂತ ಇದ್ದದ್ದು ಹೇಳಿದ್ರಾತು," ಎಂದಳು ಸಾಬರ ಹೆಂಡತಿ ಮದೀನಾಬಿ.

"ಹಂಗ ಹೇಳಿದ್ರ ಸಾಲಿ ಹುಡುಗೂರ ನೆವ ಅಂತಾರವಾ. ನೀವು ಸುಮ್ಮನಿರ್ರಿ, ನಾವು ಅದೇವಿ."

ಸಾಬರಿಗೆ ಮನಸ್ಸಿರಲಿಲ್ಲ. ಆದರೆ ಆರ್ಡರ್ ಬಿಡುವ ಧೈರ್ಯವೂ ಇರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಸ್ನೇಹಲ್ ಮೇಡಂ ಸ್ಕೂಟಿ ನಿಲ್ಲಿಸಿದರು. ಹಾಳೆಯನ್ನು ಸವರಿ, ಬೆಳಕಿಗೆ ಹಿಡಿದು ನೋಡಿದರು. "ಭಾಳ ಛಲೋ ಆಗೇತ್ರಿ. ಇದು ಖರೇನ ಹೊರಗಿಂದ?"

ಸಾಬರು ಬಾಯಿ ತೆರೆಯುವ ಮೊದಲೇ ಮಹಾಂತಯ್ಯ ಮುಂದೆ ಬಂದರು. "ಪಾರ್ಸಲ್ ಮ್ಯಾಲಿನ ಸಿಕ್ಕಾ ನಾನ ಓದೇನ್ರಿ. ಟಪಾಲ ಖಾತ್ಯಾಗ ಪಳಗಿದ ಕಣ್ಣು ಇವು."

"ಟೆಂಪೋದಿಂದ ಇಳಸೂ ಮುಂದ ನಾ ಇಲ್ಲೇ ಇದ್ನಿ," ಎಂದಳು ಶೇವಂತೆವ್ವ. "ವಾಸನಿನ ಬ್ಯಾರೆ ಇತ್ರಿ ಯವ್ವಾ, ನಮ್ಮ ದೇಶದ್ದಲ್ಲ."

ಮೇಡಂ ಮುಖ ಸಣ್ಣದಾಯಿತು. "ಅಲ್ಲೇ ತೊಂದ್ರಿ ಆತು ನೋಡ್ರಿ. ಮುಖ್ಯ ಅತಿಥಿಗಳು ಆಮದು ಕಡಿಮಿ ಮಾಡ್ರಿ ಅಂತ ಭಾಷಣ ಮಾಡಾವ್ರಂತ. ಅವರ ಕೈಯಾಗ ಪರದೇಶದ ಫೈಲ್ ಕೊಟ್ರ ಹೆಂಗ ಅಂತ ಪ್ರಿನ್ಸಿಪಾಲರು ಮಧ್ಯಾಹ್ನ ಫೋನ್ ಮಾಡಿದ್ರು. ಈಗ ಹುಬ್ಬಳ್ಳಿ ಚಿಂದೀಲೆ ಮಾಡಿದ್ದ ಬೇಕು. ಅದೂ ಇನ್ನೂರಲ್ಲ, ನಾಕುನೂರು."

ಸಾಬರು ಮಹಾಂತಯ್ಯನವರನ್ನು ದಾಟಿ ಮುಂದೆ ಬಂದರು. "ಮೇಡಮ್ಮಾರ, ಇದು ಚಿಂದೀದ ರೀ. ಬನಿಯನ್ ಚಿಂದಿ. ಪರದೇಶದ್ದು ಮುಂಜಾನೆ ಎಮ್ಮಿ ತಿಂತು."

ಮೇಡಂ ಮಹಾಂತಯ್ಯನವರ ಕಡೆ ನೋಡಿದರು. ಮಹಾಂತಯ್ಯ ಇಲ್ಲವೆಂಬಂತೆ ಕರುಣೆಯಿಂದ ತಲೆ ಆಡಿಸಿದರು. ಶೇವಂತೆವ್ವ, "ನಮ್ಮ ಎಮ್ಮಿ ಕಾಗದ ಗೀಗದ ಮುಟ್ಟಂಗಿಲ್ರಿ," ಎಂದಳು. ದಿನಾ ಹಾಲು ಕೊಳ್ಳುವ ವರ್ತನೆಯವರು ಕೇಳಿಸಿಕೊಂಡಾರೆಂಬ ಭಯ ಆಕೆಗೆ.

"ಅಕ್ಕಾ, ಇದ್ದದ್ದು ಹೇಳ," ಎಂದರು ಸಾಬರು.

"ಇರ್ಲಿ ಬಿಡ್ರಿ ಸಾಬರ," ಎಂದು ಸ್ನೇಹಲ್ ಮೇಡಂ ಮೆಲ್ಲಗೆ ಹೇಳಿದರು. "ಆರ್ಡರ್ ಹೋಗ್ತದ ಅಂತ ಸಂಕಟ ಆಗೋದು ನನಗ ತಿಳೀತದ. ಆದ್ರ ಇಷ್ಟು ಛಲೋ ಕೆಲಸ ಮಾಡಾವ್ರು ಸುಳ್ಳು ಹೇಳಬಾರ್ದು." ಆಮೇಲೆ ಮಹಾಂತಯ್ಯನವರನ್ನು ಕೇಳಿದರು, "ಖರೇನ ಚಿಂದಿ ಕಾಗದ ಮಾಡಾವ್ರು ಯಾರರ ಗೊತ್ತದಾರೇನ್ರಿ?"

"ನಿಮ್ಮ ಧಾರವಾಡದ ಸಪ್ತಾಪುರದಾಗ ಯಂಕಣ್ಣ ಅಂತ ಒಬ್ಬ ಅದಾನ್ರಿ. ಕೆಲಸ ಇವರ ಹಂತ್ಯಾಕ ಕಲತಾನ. ನಂಬರ್ ಕೊಡ್ತೇನಿ, ಬರಕೋರಿ."

ಸ್ಕೂಟಿ ಓಣಿ ದಾಟಿ ಹೋಯಿತು. ಮಹಾಂತಯ್ಯ ಸಾಬರ ಹೆಗಲ ಮೇಲೆ ಕೈ ಇಟ್ಟರು.

"ಕಡೀಗೆ ನೀವ ಕೆಡಿಸ್ಕೊಳ್ಳಾಕ ಹೊಂಟಿದ್ರಿ. ನಾವು ಮಾತಿಗೆ ಗಟ್ಟಿ ನಿಂತೇವಿ ಅಂತ ಮರ್ಯಾದಿ ಉಳೀತು. ಮದೀನಾಬಿ, ಚಾ ಮಾಡವಾ."

ಮದೀನಾಬಿ ಚಹಾ ತಂದಳು. ಮಹಾಂತಯ್ಯನವರ ಕಪ್ಪಿಗೆ ಮಾತ್ರ ಸಕ್ಕರೆ ಹಾಕಿರಲಿಲ್ಲ.